ಕತ್ತರಿಸಿದ್ದು ನಾನು, ವನಜಕ್ಕ

ವನಜಕ್ಕ, ಟಿವಿಯಲ್ಲಿ ನಿಮ್ಮ ಮಾತನ್ನು ಕತ್ತರಿಸಿದವನು ನಾನು. ಸಮಯ ಸಾಲದೆ ಅಲ್ಲ, ಮೇಲಿನವರು ಹೇಳಿದರು ಅಂತಲೂ ಅಲ್ಲ — ಬೇಕೆಂದೇ, ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ. ನೀವು ಹೇಳಿದ ನಗೆಮಾತುಗಳನ್ನು ತೆಗೆದು, ಗಂಡಸರ ಮಾತಿಗೆ ನೀವು ನಕ್ಕದ್ದನ್ನು ಮಾತ್ರ ಉಳಿಸಿದೆ. "ಆ ಹೆಂಗಸು ಸುಮ್ಮನೆ ಕೂತು ಹಲ್ಲು ಕಿಸೀತಾಳೆ, ಕೋಟಾದಲ್ಲಿ ಬಂದವಳಲ್ವಾ" ಅಂತ ಜನ ಆಡಿಕೊಂಡರಲ್ಲ, ಅವರ ಬಾಯಿಗೆ ಆ ಮಾತು ಹಾಕಿಕೊಟ್ಟವನು ನಾನೇ.

ನಿಮಗೆ ಇದೆಲ್ಲ ಗೊತ್ತು. ನಿಮ್ಮ ಎದುರು ಬಾಯಿಬಿಟ್ಟು ಹೇಳಿಯೂ ಆಗಿದೆ. ಆದರೆ ಅಂದು ಟಿವಿ ನೋಡಿದವರಿಗೆ, ಮಠದ ಪಂಕ್ತಿಯಲ್ಲಿ ಕೂತು ನಿಮ್ಮ ಬಗ್ಗೆ ಲೊಚಗುಟ್ಟಿದವರಿಗೆ ಗೊತ್ತಿಲ್ಲ. ಅವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿಂದ ಹೇಳಬೇಕಾಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ ಅಕ್ಕ.

ನಾನು ಮಹಾಂತೇಶ. ಅಪ್ಪ ಗದಗದ ಕಡೆಯಿಂದ ಕಾಶಿಯ ನಮ್ಮ ಮಠಕ್ಕೆ ಉಗ್ರಾಣ ನೋಡಿಕೊಳ್ಳಲು ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮನೆಯೊಳಗೆ ಕನ್ನಡ, ಗಲ್ಲಿಗೆ ಕಾಲಿಟ್ಟರೆ ಹಿಂದಿ, ಜಗಳಕ್ಕೆ ನಿಂತರೆ ಭೋಜಪುರಿ. ಓದು ತಲೆಗೆ ಹತ್ತಲಿಲ್ಲ. ಭೇಲೂಪುರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಕಲಿತೆ. ಆ ಕೆಲಸದಲ್ಲಿ ಒಂದು ಕೈಚಳಕವಿದೆ. ಹುಡುಗಿಯ ಸೋದರತ್ತೆ ಮಧ್ಯಾಹ್ನ ಯಾರೋ ಜಾರಿ ಬಿದ್ದದ್ದಕ್ಕೆ ನಕ್ಕಿರುತ್ತಾಳೆ. ಆ ನಗುವನ್ನು ತಂದು ಹಾರ ಬದಲಿಸುವ ಹೊತ್ತಿಗೆ ಅಂಟಿಸಿದರೆ ಸಾಕು, "ಅತ್ತೆಗೆ ಎಷ್ಟು ಸಂತೋಷ ನೋಡ್ರಿ" ಅಂತ ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಯಾರ ನಗುವನ್ನು ಯಾವುದರ ಪಕ್ಕ ಇಟ್ಟರೆ ಏನಾಗುತ್ತದೆ ಅನ್ನುವುದರ ಮೇಲೇ ನನ್ನ ಹೊಟ್ಟೆಪಾಡು ನಡೆಯುತ್ತಿತ್ತು.

ಆಮೇಲೆ ಊರಿನ ಒಂದು ಹಿಂದಿ ಚಾನೆಲ್ಲಿಗೆ ಸೇರಿದೆ. ಸೇರಿದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ಮುಂದೆ ಅದು ಬೇಕಾಗುತ್ತದೆ. ಚಾನೆಲ್ ಮಾಲೀಕರು ಮಠಕ್ಕೆ ಬಂದುಹೋಗುವ ಭಕ್ತರು. ಅಪ್ಪ ಹೋಗಿ ಹಿರಿಯರೊಬ್ಬರ ಕಿವಿಯಲ್ಲಿ ಒಂದು ಮಾತು ಹಾಕಿದರು, ಅವರು ಮಾಲೀಕರಿಗೆ ಒಂದು ಮಾತು ಹೇಳಿದರು, ಮರುವಾರ ನಾನು ಎಡಿಟಿಂಗ್ ರೂಮಿನಲ್ಲಿ ಕೂತಿದ್ದೆ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಪ್ರತಿಭೆಯ ಮಾತಂತೂ ಬರಲೇ ಇಲ್ಲ.

ಆ ಚಾನೆಲ್ಲಿನಲ್ಲಿ ವಾರಕ್ಕೊಮ್ಮೆ ಒಂದು ಹಾಸ್ಯದ ಕಾರ್ಯಕ್ರಮ ಬರುತ್ತಿತ್ತು. ನಿರೂಪಕನ ಜೊತೆ ನಾಲ್ಕು ಜನ ಗಂಡಸರು ಮೇಜಿನ ಸುತ್ತ ಕೂತು, ಆ ವಾರ ಊರಲ್ಲಿ ನಡೆದದ್ದನ್ನೆಲ್ಲ ಎಳೆದಾಡಿ ನಗಿಸುವುದು. ಕೆಟ್ಟ ರಸ್ತೆ, ಕಳೆದುಹೋದ ಎಮ್ಮೆ, ಮಂತ್ರಿ ಬರುತ್ತಾರೆಂದು ಬೆಳಗ್ಗೆ ಬಣ್ಣ ಬಳಿದ ಗೋಡೆ, ಇಂಥವೇ. ಆ ನಾಲ್ವರಲ್ಲಿ ಒಬ್ಬರು ದುಬೇಜಿ. ಹಾಸ್ಯಕವಿ. ನನಗೆ ಅಣ್ಣನ ಹಾಗೆ ಇದ್ದವರು. ಅಸ್ಸಿ ಘಾಟಿನ ಚಹಾದಂಗಡಿಯಲ್ಲಿ ಸಂಜೆ ಅವರ ಜೊತೆ ಒಂದು ಮಣ್ಣಿನ ಕುಲ್ಹಡ್ ಚಹಾ ಕುಡಿಯದೆ ನನಗೆ ದಿನ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ.

ಅಷ್ಟರಲ್ಲಿ ಲಖನೌದ ಮುಖ್ಯ ಕಚೇರಿಯಿಂದ ಹೊಸ ನಿಯಮ ಬಂತು. ಇನ್ನು ಮೇಲೆ ಇಂಥ ಪ್ರತಿ ಕಾರ್ಯಕ್ರಮದಲ್ಲೂ ಕನಿಷ್ಠ ಒಬ್ಬ ಹೆಂಗಸು ಇರಲೇಬೇಕು. ನಾಲ್ಕೇ ಕುರ್ಚಿ, ಒಬ್ಬರು ಏಳಲೇಬೇಕು. ಎದ್ದವರು ದುಬೇಜಿ.

"ನಾನೇನು ತಪ್ಪು ಮಾಡಿದೆ ಭಯ್ಯಾ? ಗಂಡಸಾಗಿ ಹುಟ್ಟಿದ್ದೇ ತಪ್ಪಾ?" ಅಂದರು ಅವತ್ತು ಅಸ್ಸಿಯಲ್ಲಿ. ಅವರ ಚಹಾ ಆರಿಹೋಗಿತ್ತು. ನನಗೆ ಸಿಟ್ಟು ಬಂತು. ನಗಿಸುವುದಕ್ಕೂ ಮೀಸಲಾತಿಯೇ? ನಗು ಬಂದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ — ಅದರಲ್ಲಿ ಗಂಡು ಹೆಣ್ಣು ಅಂತ ಎಲ್ಲಿಂದ ಬಂತು! ಅಂಗಡಿಯ ಸುತ್ತ ಕೂತಿದ್ದ ವಿದ್ಯಾರ್ಥಿಗಳ ಎದುರು ದೊಡ್ಡ ಭಾಷಣವನ್ನೇ ಮಾಡಿದೆ. ಪ್ರತಿಭೆ ಇದ್ದವರು ತಾವಾಗಿ ಬರುತ್ತಾರೆ, ಕುರ್ಚಿ ಯಾಕೆ ಕಾದಿರಿಸಬೇಕು ಅಂದೆ. ಎಲ್ಲರೂ ತಲೆದೂಗಿದರು. ನನ್ನ ಕೆಲಸ ನನಗೆ ಹೇಗೆ ಸಿಕ್ಕಿತ್ತು ಅನ್ನುವುದು ಅವತ್ತು ನೆನಪಿಗೇ ಬರಲಿಲ್ಲ ನೋಡಿ.

ಇನ್ನೊಂದೂ ನೆನಪಿಗೆ ಬರಲಿಲ್ಲ. ಆ ನಾಲ್ವರಲ್ಲಿ ಒಬ್ಬ, ಜಾಹೀರಾತು ಕೊಡುವ ಸೀರೆ ಅಂಗಡಿ ಮಾಲೀಕನ ಭಾವಮೈದುನ. ಆ ಪುಣ್ಯಾತ್ಮ ಯಾರನ್ನೂ ನಗಿಸಿದ್ದನ್ನು ನಾನು ಕಂಡಿಲ್ಲ, ಅವನ ಪಾಲಿನ ನಗುವನ್ನು ನಾನೇ ಬೇರೆ ಕಡೆಯಿಂದ ತಂದು ಅಂಟಿಸುತ್ತಿದ್ದೆ. ನಿಯಮ ಹೇಳಿದ್ದು ಒಬ್ಬ ಹೆಂಗಸು ಇರಲಿ ಅಂತ ಮಾತ್ರ. ದುಬೇಜಿಯನ್ನೇ ಎಬ್ಬಿಸಿ ಅಂತ ಹೇಳಿರಲಿಲ್ಲ. ಎಬ್ಬಿಸಿದವರು ನಮ್ಮ ನಿರ್ಮಾಪಕ ಮಿಶ್ರಾಜಿ, ಯಾಕೆಂದರೆ ದುಬೇಜಿಯ ಹಿಂದೆ ಯಾವ ಅಂಗಡಿಯೂ ಇರಲಿಲ್ಲ. ದುಬೇಜಿಗೆ ಅನ್ಯಾಯವಾಯಿತೇ ಅಂದರೆ ಆಯಿತು, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಅದನ್ನು ಮಾಡಿದವರು ಯಾರು ಅಂತ ನೋಡುವ ತಾಳ್ಮೆ ನನಗಿರಲಿಲ್ಲ. ಆ ಕುರ್ಚಿಯಲ್ಲಿ ಬಂದು ಕೂತವರು ನೀವು, ಸಿಟ್ಟೆಲ್ಲ ನಿಮ್ಮ ಮೇಲೆ ತಿರುಗಿತು.

ನೀವು ಯಾರೋ ಪರಕೀಯರಾಗಿದ್ದರೆ — ಇಲ್ಲ, ಆಗಲೂ ಇದು ತಪ್ಪೇ. ಆದರೂ ನೀವು ನಮ್ಮವರೇ ಆಗಿದ್ದಿರಿ. ಹನುಮಾನ್ ಘಾಟಿನ ಪುರೋಹಿತರ ಮನೆಯ ಮಗಳು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ನಿಮ್ಮ ತಂದೆ ಶ್ರಾದ್ಧ, ಪೂಜೆ ಮಾಡಿಸುತ್ತಿದ್ದರು, ನೀವು ಕೆಳಗಿನ ಕೋಣೆಗಳಲ್ಲಿ ಅವರ ವಸತಿ, ಊಟ ನೋಡಿಕೊಳ್ಳುತ್ತಿದ್ದಿರಿ. ಘಾಟಿನ ಹೆಂಗಸರ ಮದುವೆಮನೆಗಳಲ್ಲಿ ನಿಮ್ಮದೇ ರಾಜ್ಯಭಾರ. ಅಜ್ಜಿಯಿಂದ ಕಲಿತ ಬೀಗರ ಹಾಡು ಒಂದು ಕಡೆ, ನೆರೆಯವರಿಂದ ಕಲಿತ ಭೋಜಪುರಿ ಗಾರಿ ಇನ್ನೊಂದು ಕಡೆ. ಗಾರಿ ಅಂದರೆ ಬೈಗುಳದ ಹಾಡು. ಇಲ್ಲಿನ ಮದುವೆಗಳಲ್ಲಿ ಗಂಡಿನ ಕಡೆಯವರು ಉಣ್ಣಲು ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಒಬ್ಬೊಬ್ಬರ ಹೆಸರು ಹಿಡಿದು ಬೈದು ಹಾಡಬೇಕು, ಹಾಡದಿದ್ದರೆ ಬೀಗರಿಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ. ಹೋಳಿಯ ಹೊತ್ತಿಗೆ ಘಾಟಿನ ಮೆಟ್ಟಿಲ ಮೇಲೆ ನೀವು ಊರಿನ ದೊಡ್ಡವರನ್ನೆಲ್ಲ ಹಾಗೆಯೇ ಬೆಂಡೆತ್ತಿದ್ದನ್ನು ಮಿಶ್ರಾಜಿ ನೋಡಿ, "ಈಕೆಯೇ ಸರಿ" ಅಂದರಂತೆ. ನಿಮ್ಮ ಅಣ್ಣಂದಿರು ಗೊಣಗಿಕೊಂಡೇ ಒಪ್ಪಿದರು ಅಂತಲೂ ಕೇಳಿದ್ದೆ.

ಮೊದಲ ರೆಕಾರ್ಡಿಂಗ್ ನನಗೆ ಮರೆಯುವುದಿಲ್ಲ. ಕಾಶಿಗೆ ಬಂದವರು ತಮಗೆ ಇಷ್ಟವಾದ ಏನನ್ನಾದರೂ ಬಿಟ್ಟುಹೋಗಬೇಕಲ್ಲ, ಹಣ್ಣೋ ತರಕಾರಿಯೋ — ನೀವು ಅದನ್ನೇ ಎತ್ತಿಕೊಂಡಿರಿ. ಎಲ್ಲರೂ ಹಾಗಲಕಾಯಿ ಬಿಡುತ್ತಾರೆ, ನಮ್ಮ ಗಂಗಾಮಾಯಿಯ ಹೊಟ್ಟೆಯೆಲ್ಲ ಕಹಿಯಾಗಿದೆ ಅಂದಿರಿ. ಆಮೇಲೆ ಆ ಗಂಡ ಹೆಂಡತಿಯ ಕಥೆ. ಗಂಡ ಕೈಮುಗಿದು "ನಾನು ಕೋಪ ಬಿಡ್ತೀನಿ" ಅಂತಾನೆ. ಹೆಂಡತಿ ಗಾಬರಿಯಾಗಿ ಓಡಿಬಂದು, "ಬೇಡ ಪುರೋಹಿತರೇ, ಬೇಡ! ಅದನ್ನೂ ಬಿಟ್ಟರೆ ಮನೇಲಿ ಇವರದು ಅಂತ ಏನೂ ಉಳಿಯಲ್ಲ!" ಹೇಳಿ ಮುಗಿಸಿ ನೀವು ಸುಮ್ಮನಾದಿರಿ. ಒಂದು ಗಳಿಗೆ ಮೌನ. ಆಮೇಲೆ ಸ್ಟುಡಿಯೋ ಇಡೀ ಹೋ ಅಂತು. ಕ್ಯಾಮೆರಾದವನು ನಕ್ಕು ಚೌಕಟ್ಟೇ ಅಲುಗಿಹೋಯಿತು.

ನಾನೂ ನಕ್ಕೆ ಅಕ್ಕ. ಒಳಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ನಿಮ್ಮಲ್ಲಿ ಹಾಸ್ಯವಿಲ್ಲ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೆ ಇದನ್ನು ಬರೀ ತಿಳಿಗೇಡಿತನ ಅನ್ನಬಹುದಿತ್ತು.

ನಕ್ಕವನು ಮರುದಿನ ಮಧ್ಯಾಹ್ನ ಎಡಿಟಿಂಗಿಗೆ ಕೂತೆ. ಮೊದಲು ಆ ಮೌನವನ್ನು ತೆಗೆದೆ. ನಗೆಮಾತಿನ ಜೀವ ಅದರ ಕೊನೆಗೆ ಬರುವ ಆ ಗಳಿಗೆಯಲ್ಲಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಜನರ ನಗುವನ್ನು ತೆಗೆದೆ. ಕಥೆ ಉಪ್ಪಿಲ್ಲದ ಸಾರಿನ ಹಾಗಾಯಿತು. ಆಮೇಲೆ, ಇಷ್ಟು ಸಪ್ಪಗಿರುವುದು ಯಾಕೆ ಅಂತ ಕಥೆಯನ್ನೇ ತೆಗೆದೆ. ನೀವು ಬೇರೆ ಯಾವಾಗಲೋ ನಕ್ಕದ್ದನ್ನು ಹುಡುಕಿ ಆ ಭಾವಮೈದುನನ ಮಾತಿನ ಪಕ್ಕ ಅಂಟಿಸಿದೆ. ಕಾರ್ಯಕ್ರಮ ಟಿವಿಯಲ್ಲಿ ಬಂದಾಗ ನೀವು ಪೂರ್ತಿ ಹೊತ್ತು ಆ ಪೆದ್ದನ ಮಾತಿಗೆ ಬಾಯ್ತುಂಬ ನಗುತ್ತಿದ್ದಿರಿ. ಒಂದೆರಡು ಮಾತು ಉಳಿಸಿದ್ದೆ. "ಹೌದು ಹೌದು" ಅನ್ನುವುದು ಅದರಲ್ಲಿ ಒಂದು.

ಸುಲಭವಾಗಿತ್ತು. ಅದೇ ಹೆದರಿಕೆಯ ವಿಷಯ. ಸುಲಭವಾದದ್ದನ್ನು ಮುಂದಿನ ವಾರವೂ ಮಾಡಿದೆ, ಅದರ ಮುಂದಿನ ವಾರವೂ.

ಒಂದು ದಿನ ನೀವು ನೇರವಾಗಿ ಚಾನೆಲ್ಲಿನ ಎಡಿಟಿಂಗ್ ರೂಮಿಗೇ ಬಂದಿರಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು ಕೇಳಿದಿರಿ: "ಏನೋ ಮಹಾಂತೇಶ, ನನ್ನ ಮಾತೆಲ್ಲಾ ಎಲ್ಲಿ ಗಂಗೆಗೆ ಬಿಟ್ಟೆ?"

"ಟೈಮ್ ಸಾಲಲಿಲ್ಲ ಅಕ್ಕ" ಅಂದೆ, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

"ಓಹೋ. ಟೈಮು ಅವರಿಗೆ ಮಾತ್ರ ಸಾಲತ್ತೆ" ಅಂದಿರಿ. ಅಷ್ಟೇ. ಕೂಗಾಡಲಿಲ್ಲ, ಮಿಶ್ರಾಜಿಯ ಹತ್ತಿರ ದೂರು ಕೊಂಡೊಯ್ಯಲಿಲ್ಲ. ಡಬ್ಬಿ ಅಲ್ಲೇ ಬಿಟ್ಟು ಹೋದಿರಿ. ಆ ಚಿತ್ರಾನ್ನವನ್ನು ನಾನು ತಿಂದೆ, ಅದಕ್ಕೂ ನಾಚಿಕೆಯಾಗಲಿಲ್ಲ ನನಗೆ.

ಅದರ ಮುಂದಿನ ರೆಕಾರ್ಡಿಂಗಿನಿಂದ ನೀವು ಮಾತಾಡುವ ರೀತಿಯೇ ಬದಲಾಯಿತು. ನಿಮ್ಮದೇ ಒಂದು ಕಥೆ ಹೇಳಿ ನಿಲ್ಲಿಸುವುದನ್ನು ಬಿಟ್ಟಿರಿ. ಪಕ್ಕದವನು ಒಂದು ಮಾತು ಎಸೆದರೆ ಅದರ ಬಾಲ ಹಿಡಿದು ನಿಮ್ಮ ಮಾತು ಕಟ್ಟುತ್ತಿದ್ದಿರಿ. ಅವನು ಅದಕ್ಕೆ ಉತ್ತರ ಕೊಡಲೇಬೇಕು, ಆ ಉತ್ತರಕ್ಕೆ ನಿಮ್ಮದು ಇನ್ನೊಂದು. ನಿಮ್ಮ ಮಾತು ತೆಗೆದರೆ ಅವನ ಮಾತೂ ಬಿದ್ದುಹೋಗಬೇಕು, ಹಾಗೆ. ಅಬ್ಬಾ! ಮೌಸ್ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ಕೂತಿದ್ದೆ ನಾನು. ಇಷ್ಟು ವರ್ಷ ಒಬ್ಬೊಬ್ಬರೇ ತಮ್ಮ ಪಾಠ ಒಪ್ಪಿಸುತ್ತಿದ್ದ ಕಾರ್ಯಕ್ರಮ ಮೊದಲ ಸಲ ಮನೆಯ ಜಗಲಿಯ ಮೇಲಿನ ಮಾತುಕತೆ ಆಗಿತ್ತು. ಆ ಭಾವಮೈದುನನೂ ನಿಮ್ಮ ಕಾಟಕ್ಕೆ ಸಿಕ್ಕಿ ಒಂದೆರಡು ಸಲ ನಿಜವಾಗಿ ನಗಿಸಿದ.

ಇಲ್ಲಿಗಾದರೂ ನಾನು ಸೋಲು ಒಪ್ಪಿಕೊಂಡು ಕೈಮುಗಿಯಬೇಕಿತ್ತು. ನಾನು ಮಾಡಿದ್ದೇನು ಗೊತ್ತೇ — ಇದನ್ನು ನಿಮಗೂ ಪೂರ್ತಿ ಹೇಳಿರಲಿಲ್ಲ. ಪ್ರತಿ ಮಾತುಕತೆಯಲ್ಲೂ ನೀವು ಬಾಯಿ ತೆರೆದ ಮೊದಲ ಗಳಿಗೆಯನ್ನು ಉಳಿಸಿ, ಹೇಳಿದ್ದನ್ನು ಅದಕ್ಕೆ ಬಂದ ಉತ್ತರದ ಸಮೇತ ತೆಗೆದೆ. ನೋಡುವವರಿಗೆ ನೀವು ಎಲ್ಲರ ನಡುವೆ ಬಾಯಿ ಹಾಕುವವರ ಹಾಗೆ, ಹಾಕಿ ಏನೂ ತೋಚದೆ ನಿಲ್ಲಿಸುವವರ ಹಾಗೆ ಕಾಣುತ್ತಿತ್ತು. ಮೊದಲು ಬರೀ ನಗುವ ಹೆಂಗಸು ಮಾಡಿದ್ದೆ, ಈಗ ಅಧಿಕಪ್ರಸಂಗಿ ಮಾಡಿದೆ.

ಸ್ವಲ್ಪ ಕಾಲ ಕಳೆದ ಮೇಲೆ ಮಿಶ್ರಾಜಿ ನನ್ನನ್ನು ಮೇಲಿನ ಮೀಟಿಂಗ್ ರೂಮಿಗೆ ಕರೆಸಿದರು. ಹೆಂಗಸರ ಕುರ್ಚಿ ಮುಂದುವರಿಸಬೇಕೋ ಬೇಡವೋ ಅಂತ ಲಖನೌಗೆ ಬರೆಯಬೇಕಿತ್ತು. "ನೀನು ಎಲ್ಲ ನೋಡಿರ್ತೀಯ, ಕತ್ತರಿಸಿದ್ದೂ ಸೇರಿ. ಹೇಳು, ಆಕೆ ಹೇಗೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಅವರು ರೆಕಾರ್ಡಿಂಗಿಗೆ ಬರುತ್ತಿರಲಿಲ್ಲ; ನೀವು ಹೇಳಿದ್ದೇನು, ಅದರಲ್ಲಿ ಕತ್ತರಿಸಿದ್ದೇನು ಅಂತ ಎರಡೂ ಗೊತ್ತಿದ್ದವನು ನಾನೊಬ್ಬನೇ.

"ನಾನೇನು ಹೇಳಲಿ ಸಾಹೇಬರೇ, ಎಪಿಸೋಡ್‌ಗಳೇ ಇವೆಯಲ್ಲ. ಅವನ್ನೇ ನೋಡಿ" ಅಂದೆ.

ಅವರು ನೋಡಿದರು. ನೋಡಿ, ಹೆಂಗಸರಿಗೆ ಈ ಕೆಲಸ ಒಗ್ಗುವುದಿಲ್ಲ, ಪ್ರಯತ್ನ ಮಾಡಿದ್ದಾಯಿತು ಅಂತ ಬರೆದರು. ದುಬೇಜಿ ತಮ್ಮ ಕುರ್ಚಿಗೆ ಮರಳಿದರು, ಅವತ್ತು ಅಸ್ಸಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರು. ಮಠದಲ್ಲಿ ಪ್ರಸಾದಕ್ಕೆ ಕೂತಾಗ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಮ್ಮ ಕನ್ನಡದವರೊಬ್ಬರು, "ಪಾಪ ವನಜ, ಬರೀ ನಗ್ತಿದ್ರು. ಮೀಸಲಾತಿ ಅಂದ್ರೆ ಇಷ್ಟೇ ನೋಡಿ" ಅಂದರು. ನಾನು ಅನ್ನಕ್ಕೆ ಸಾರು ಕಲಸುತ್ತಾ ತಲೆಯಾಡಿಸಿದೆ. ಆ ವರ್ಷದಿಂದ ಹೋಳಿಹಬ್ಬದ ಹಾಡಿಗೆ ನಿಮ್ಮನ್ನು ಯಾರೂ ಕರೆಯಲಿಲ್ಲ. ನಿಮ್ಮ ಅಣ್ಣಂದಿರು "ಸಾಕು ಇನ್ನು, ಮಾನ ಹೋದದ್ದು" ಅಂದರಂತೆ. ರೆಕಾರ್ಡ್ ಮಾಡಿದ ಮೂಲವನ್ನೆಲ್ಲ ಡಿಸ್ಕಿನಲ್ಲಿ ಜಾಗವಿಲ್ಲ ಅಂತ ಎಂದಿನಂತೆ ನಾನೇ ಅಳಿಸಿದೆ. ಈಗ ನೀವು ಅಲ್ಲಿ ಏನು ಹೇಳಿದ್ದಿರಿ ಅನ್ನುವುದಕ್ಕೆ ನನ್ನ ನೆನಪು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ವರ್ಷಗಳು ಹೋದವು. ನಾನು ನಿಮ್ಮನ್ನು ಕಂಡರೆ ಗಲ್ಲಿ ಬದಲಿಸುತ್ತಿದ್ದೆ, ಇಲ್ಲಿ ಗಲ್ಲಿಗಳಿಗೇನು ಬರ.

ಆಮೇಲೆ ನನ್ನ ಮಗಳು ಚೇತನಾಳ ಮದುವೆ. ಹುಡುಗ ಇಲ್ಲಿಯವನೇ, ಭೋಜಪುರಿ ಮನೆಯವರು. ಮಾತುಕತೆಯೆಲ್ಲ ಮುಗಿದ ಮೇಲೆ ಬೀಗರು ನಗುತ್ತಾ, "ಎಲ್ಲ ಸರಿ, ನಮಗೆ ಗಾರಿ ಹಾಡುವವರು ಯಾರು? ಬೈಸಿಕೊಳ್ಳದೆ ನಮಗೆ ಉಂಡದ್ದು ಅರಗಲ್ಲ" ಅಂದರು. ನನ್ನ ಹೆಂಡತಿ ಸುವರ್ಣಾ ಪೇಚಾಟಕ್ಕೆ ಬಿದ್ದಳು. ನಮ್ಮ ಕಡೆಯ ಹೆಂಗಸರಿಗೆ ಭೋಜಪುರಿ ಬಾರದು, ಮಗಳಿಗೆ ಕನ್ನಡವೇ ಅರ್ಧಂಬರ್ಧ. ನನಗೆ ಹೇಳದೆ ಅವಳೇ ಹನುಮಾನ್ ಘಾಟಿಗೆ ಹೋಗಿ ನಿಮ್ಮನ್ನು ಕರೆದು ಬಂದಳು. "ಬರ್ತೀನಿ ಅಂದ್ರು ನೋಡ್ರೀ, ಎಷ್ಟು ದೊಡ್ಡ ಮನಸು!" ಅಂತ ಸಂಭ್ರಮಪಟ್ಟಳು. ಬೇಡ ಅನ್ನೋಣವೆಂದರೆ ಕಾರಣ ಹೇಳಬೇಕಲ್ಲ.

ನೀವು ಬಂದಿರಿ. ಬೀಗರು ಪಂಕ್ತಿಗೆ ಕೂತಾಗ ಢೋಲಕ್ಕಿನವಳ ಪಕ್ಕ ಕೂತು ಶುರುಮಾಡಿದಿರಿ. ಮಗಳ ಮಾವನ ಬೊಜ್ಜು, ಅವನ ತಮ್ಮನ ಬಣ್ಣ ಹಾಕಿದ ಮೀಸೆ, ಮದುಮಗನ ಅಜ್ಜನ ಹಳೇ ಪ್ರೇಮಪ್ರಕರಣ, ಯಾರನ್ನೂ ಬಿಡಲಿಲ್ಲ. ಒಂದು ಸಾಲು ಭೋಜಪುರಿ, ಮರುಸಾಲು ಕನ್ನಡ. ಅರ್ಥವಾಗದವರೂ ಬಿದ್ದು ಬಿದ್ದು ನಗುತ್ತಿದ್ದರು. ಹೆಸರು ಬಾರದೆ ಉಳಿದಿದ್ದ ಹುಡುಗನ ಸೋದರಮಾವನೊಬ್ಬ ಮುನಿಸಿಕೊಂಡು, "ನಾನೇನು ಪರಕೀಯನಾ?" ಅಂತ ಕೇಳಿ ಬೈಸಿಕೊಂಡ. ಮಗಳು ಮಂಟಪದ ಪಕ್ಕದಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನೀವು ನನ್ನ ಕಡೆ ತಿರುಗಿದಿರಿ. ಹೆಣ್ಣಿನ ಕಡೆಯವರು ಹೆಣ್ಣಿನ ಅಪ್ಪನನ್ನು ಬೈದು ಹಾಡುವ ಪದ್ಧತಿಯಿಲ್ಲ. ಆದರೂ ನೀವು ಅಲ್ಲೇ ಹೊಸದಾಗಿ ಕಟ್ಟಿ ಹಾಡಿದಿರಿ:

"ಹುಷಾರು ಬೀಗಿತಿ, ನಮ್ಮ ಮಹಾಂತೇಶನ ಕೈಲಿ ಕತ್ತರಿ,
ನಕ್ಕರೆ ಉಳಿಸ್ಯಾನು, ನಾಲಿಗೆ ಕಂಡರೆ ಕತ್ತರಿಸ್ಯಾನು!"

ಎಡಿಟಿಂಗ್ ಮಾಡುವವನಲ್ಲವೇ ಅಂತ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ನೀವೂ ನಗುತ್ತಲೇ ನನ್ನ ಮುಖ ನೋಡಿದಿರಿ. ಆಗ ಗೊತ್ತಾಯಿತು, ಎಲ್ಲ ತಿಳಿದೇ ಬಂದಿದ್ದೀರಿ. ಅವತ್ತು ನಿಮಗೆ ಏನು ಬೇಕಾದರೂ ಹೇಳುವ ಹಕ್ಕಿತ್ತು. ಬೀಗರೆದುರು, ಮಠದವರೆದುರು, ನನ್ನ ಮಗಳೆದುರು. ಇಷ್ಟು ಮಾತ್ರ ಹೇಳಿ ಮುಂದಿನ ಹೆಸರಿಗೆ ಹೋದಿರಿ. ನನ್ನನ್ನೂ ಮನೆಯವರ ಲೆಕ್ಕದಲ್ಲಿಟ್ಟು ಬೈದಿರಿ. ಕೈಯಲ್ಲಿದ್ದ ಜಿಲೇಬಿ ಬುಟ್ಟಿ ಕೆಳಗಿಟ್ಟು ಗೋಡೆ ಹಿಡಿದು ನಿಂತೆ ಅಕ್ಕ.

ಸುವರ್ಣಾಳ ಕಣ್ಣಿಗೆ ಅದು ಬಿತ್ತು. ಮಗಳನ್ನು ಕಳಿಸಿದ ಮರುದಿನ ಬೆಳಿಗ್ಗೆ ಎದುರಿಗೆ ಕೂತು ಕೇಳಿದಳು, ನಾನು ಹೇಳಿದೆ. "ಅಯ್ಯ ನನ್ನ ಕರ್ಮವೇ, ಆಕಿನ್ನ ನಾ ಮನಿಗೆ ಹೋಗಿ ಕರದು ಬಂದೀನಲ್ರೀ! ಒಂದ ಮಾತು ಮೊದಲ ಹೇಳಾಕ ಆಗಲಿಲ್ಲೇನು ನಿಮಗ? ಆಕಿ ಹಾಡಿದ್ಲು, ನನ್ನ ಮಗಳಿಗೆ ಕುಂಕುಮ ಹಚ್ಚಿ ಹೋದ್ಲು. ನೀವೇನ್ ಕೊಟ್ರಿ ಆಕಿಗೆ?" ಅಂದಳು. ಎರಡು ದಿನ ನನಗೆ ತಟ್ಟೆ ಇಟ್ಟಳೇ ಹೊರತು ಮಾತು ಬಡಿಸಲಿಲ್ಲ.

ಮೂರನೇ ದಿನ ನಿಮ್ಮ ಮನೆಗೆ ಬಂದೆ. ತಾರಸಿಯ ಮೇಲೆ ಯಾತ್ರಿಕರ ಹಾಸಿಗೆ ಬಟ್ಟೆ ಒಣಗಿದ್ದವು, ನೀವು ಕೋತಿಗಳಿಗೆ ಕೋಲು ತೋರಿಸುತ್ತಾ ಒಂದೊಂದೇ ತೆಗೆಯುತ್ತಿದ್ದಿರಿ. "ಬಂದ್ಯಾ? ಹಿಡಿ ಆ ತುದಿ" ಅಂದಿರಿ. ಇಬ್ಬರೂ ಚಾದರ ಮಡಿಸುತ್ತಾ ನಾನು ಹೇಳಿದೆ. ತಡವರಿಸಿದೆ, ಅತ್ತುಬಿಟ್ಟೆ ಕೂಡ. ನೀವು ತುದಿಗೆ ತುದಿ ಸರಿಯಾಗಿ ಜೋಡಿಸುತ್ತಲೇ ಇದ್ದಿರಿ.

"ಮುಗೀತಾ?" ಅಂದಿರಿ.

"ಮುಗೀತು ಅಕ್ಕ."

"ಹಗುರ ಆಯ್ತಾ?"

ಆಗಿತ್ತು. ನಿಜ ಹೇಳಬೇಕೆಂದರೆ ಬಹಳ ಹಗುರವಾಗಿತ್ತು. ತಲೆಯಾಡಿಸಿದೆ.

"ನಿಂಗೆ ಹಗುರ ಆಯ್ತು. ನಂಗೇನಾಯ್ತೋ? ನಂಗೆ ಗೊತ್ತಿದ್ದದ್ದನ್ನೇ ನಂಗೆ ಹೇಳಿ ಹೋಗೋಕ್ಕೆ ಬಂದಿದೀಯ. ಆ ಮಿಶ್ರಾಜಿ ಅವತ್ತೇ ಹೇಳಿದ್ರು, ನಿಮ್ಮ ಕನ್ನಡದವನೇ ಎಪಿಸೋಡ್ ನೋಡಿ ಅಂದ ಅಂತ. ಎಲ್ಲಿ ಆ ಮಾತು ಹೇಳಿದ್ಯೋ ಅಲ್ಲಿ ಹೋಗಿ ಇದನ್ನ ಹೇಳು. ಅಲ್ಲೀವರೆಗೂ ಕ್ಷಮೆ ಗಿಮೆ ಅಂತ ನನ್ನ ಮೆಟ್ಟಿಲು ಹತ್ತಬೇಡ." ಅಷ್ಟು ಹೇಳಿ, ಮಡಿಸಿದ ಚಾದರಗಳ ಗಂಟನ್ನು ನನ್ನ ತಲೆಯ ಮೇಲೆ ಹೊರಿಸಿ ಕೆಳಗೆ ಇಳಿಸಿದಿರಿ.

ಅವಕಾಶ ತಾನಾಗಿ ಬಂತು. ಚಾನೆಲ್ಲಿನವರು ಆ ಹಳೆಯ ಕಾರ್ಯಕ್ರಮವನ್ನು ಹೊಸದಾಗಿ ಶುರುಮಾಡಲು ಹೊರಟರು. ಅದೇ ಮೀಟಿಂಗ್ ರೂಮ್. ಮಿಶ್ರಾಜಿ ಈಗ ಕೂದಲು ನರೆತು ಮೇಲಿನ ಹುದ್ದೆಯಲ್ಲಿದ್ದಾರೆ, ಸುತ್ತ ಹೊಸ ಹುಡುಗರು, ಹುಡುಗಿಯರು. ಹೆಂಗಸರಿಗೆ ಕುರ್ಚಿ ಕಾದಿರಿಸುವ ಮಾತು ಮತ್ತೆ ಬಂತು. ಒಬ್ಬ ಹುಡುಗ, "ಪ್ರತಿಭೆ ಇದ್ದವರು ತಾವಾಗಿ ಬರ್ತಾರೆ, ಕುರ್ಚಿ ಯಾಕೆ ಕಾದಿರಿಸಬೇಕು?" ಅಂದ. ಮಿಶ್ರಾಜಿ, "ಒಮ್ಮೆ ಮಾಡಿ ನೋಡಿದ್ದೇವೆ. ನಡೆಯಲಿಲ್ಲ. ಇವನನ್ನೇ ಕೇಳಿ" ಅಂತ ನನ್ನ ಕಡೆ ಕೈತೋರಿಸಿದರು.

ಎದ್ದು ನಿಂತೆ. ನಡೆಯಿತು ಸಾಹೇಬರೇ, ಚೆನ್ನಾಗಿಯೇ ನಡೆಯಿತು, ನಡೆಯದ ಹಾಗೆ ಮಾಡಿದವನು ನಾನು ಅಂದೆ. ಮೌನ ತೆಗೆದದ್ದು, ನಗು ಕದ್ದು ಬೇರೆಯವರಿಗೆ ಅಂಟಿಸಿದ್ದು, ಬಾಯಿ ತೆರೆದದ್ದನ್ನು ಉಳಿಸಿ ಮಾತು ತೆಗೆದದ್ದು, ಒಂದೊಂದಾಗಿ ಹೇಳಿದೆ. ಸೀರೆ ಅಂಗಡಿಯ ಭಾವಮೈದುನನ ಕುರ್ಚಿಯೂ ಕಾದಿರಿಸಿದ ಕುರ್ಚಿಯೇ ಆಗಿತ್ತು ಅಂದೆ. ನಾನು ಕೂತಿರುವ ಎಡಿಟಿಂಗ್ ಕುರ್ಚಿಯೂ ಹಾಗೆಯೇ ಸಿಕ್ಕಿದ್ದು, ಅದಕ್ಕೆ ಯಾರೂ ಕೋಟಾ ಅನ್ನಲಿಲ್ಲ ಅಷ್ಟೇ ಅಂದೆ. ನಿಯಮ ನ್ಯಾಯವೋ ಅನ್ಯಾಯವೋ ಅಂತ ಇನ್ನೊಂದು ಸಲ ಮಾಡಿ ನೋಡದೆ ಹೇಳಲಾಗದು, ಯಾಕೆಂದರೆ ಮೊದಲ ಸಲ ಅದನ್ನು ನಡೆಯಲು ಬಿಟ್ಟೇ ಇಲ್ಲ. ಒಬ್ಬರಿಗೆ ಮಾತ್ರ ಕುರ್ಚಿ ಕೊಡಬೇಡಿ, ಎಡಿಟಿಂಗ್ ರೂಮಿನಲ್ಲೂ ನನ್ನಂಥವರೇ ತುಂಬದ ಹಾಗೆ ನೋಡಿಕೊಳ್ಳಿ ಅಂತ ಹೇಳಿ ಕೂತೆ.

ಮಿಶ್ರಾಜಿ, "ಇಷ್ಟು ವರ್ಷ ನನ್ನ ಕೈಯಲ್ಲಿ ಸುಳ್ಳು ಬರೆಸಿದೆಯಲ್ಲ ನೀನು" ಅಂದರು. ಆ ಕಾರ್ಯಕ್ರಮದ ಎಡಿಟಿಂಗ್ ನನಗೆ ಕೊಡಲಿಲ್ಲ. ಗಾಜೀಪುರದ ಒಬ್ಬ ಹುಡುಗಿಗೆ ಕೊಟ್ಟರು. ಸರಿಯಾಗಿಯೇ ಮಾಡಿದರು.

ಸುದ್ದಿ ಅಸ್ಸಿಗೆ ಮುಟ್ಟಲು ಹೊತ್ತು ಬೇಕೇ? ದುಬೇಜಿ ಸಿಕ್ಕಾಗ, "ನನ್ನ ಮಾತಿನ ಬಲದ ಮೇಲೆ ವಾಪಸು ಬಂದೆ ಅಂದುಕೊಂಡಿದ್ದೆನಲ್ಲೋ" ಅಂದರು, ಅಷ್ಟೇ. ಈಗ ಅವರು ಬೇರೆ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ನಿಮಗೆ ಮಾಡಿದ ಅನ್ಯಾಯದಲ್ಲಿ ಅವರಿಗೂ ಒಂದು ಅನ್ಯಾಯ ಮಾಡಿದ್ದೆ ಅಂತ ಅವತ್ತು ತಿಳಿಯಿತು.

ಹೊಸ ಕಾರ್ಯಕ್ರಮದಲ್ಲಿ ಹೆಂಗಸರಿಗೆ ಎರಡು ಕುರ್ಚಿ. ನಿಮ್ಮನ್ನೇ ಕರೆಯಿರಿ ಅಂತ ನಾನು ಬೇಡಿಕೊಂಡೆ. "ಹೊಸ ಮುಖ ಬೇಕು, ವಯಸ್ಸಿನವರು ಬೇಡ" ಅಂದರು. ಎರಡು ಕುರ್ಚಿಯಲ್ಲಿ ಇಬ್ಬರು ಚಿಕ್ಕ ಹುಡುಗಿಯರು ಕೂತಿದ್ದಾರೆ. ಚೆನ್ನಾಗಿ ಮಾತಾಡುತ್ತಾರೆ, ಕೆಲವು ವಾರ ಸಪ್ಪಗೂ ಇರುತ್ತಾರೆ, ಗಂಡಸರ ಹಾಗೆಯೇ. ನೀವು ಮಾತ್ರ ಅಲ್ಲಿಲ್ಲ. ನಾನು ಕಿತ್ತುಕೊಂಡದ್ದನ್ನು ವಾಪಸು ತಂದುಕೊಡಲು ನನ್ನಿಂದ ಆಗಲಿಲ್ಲ ವನಜಕ್ಕ. ನ್ಯಾಯ ಯಾರಿಗೋ ಸಿಕ್ಕಿತು, ನಿಮಗೆ ಸಿಗಲಿಲ್ಲ. ನಗಿಸುವ ಕಾಲದಲ್ಲಿ ನಿಮ್ಮನ್ನು ಸುಮ್ಮನಿರಿಸಿದೆ, ಆ ಕಾಲ ಕಳೆದುಹೋಯಿತು.

ಅದನ್ನು ಹೇಳಲು ಬಂದಾಗ ನೀವು ಬಾಗಿಲಲ್ಲೇ ನಿಲ್ಲಿಸಿ ಕೇಳಿದಿರಿ: "ಹೇಳಿದ್ಯಾ?" ಹೇಳಿದೆ ಅಂದೆ. "ಎಲ್ಲಾ?" ಎಲ್ಲಾ ಅಂದೆ. ಕುರ್ಚಿಯ ಸುದ್ದಿಯನ್ನೂ ಹೇಳಿದೆ. ನೀವು ಒಂದು ಗಳಿಗೆ ಘಾಟಿನ ಕಡೆ ನೋಡಿದಿರಿ. ಮುಖದಲ್ಲಿ ಬೇಸರ ಬಂದು ಹೋಯಿತು, ಅದನ್ನು ನೀವು ಮುಚ್ಚಿಡಲಿಲ್ಲ. ಆಮೇಲೆ, "ಒಳಗೆ ಬಾ, ಕಾಫಿ ಕುಡಿ" ಅಂದಿರಿ. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಮಗಳ ಮದುವೆಯನ್ನು ನಗುವಿನಿಂದ ತುಂಬಿಸಿದ್ದಕ್ಕೆ ನಿಮಗೆ ಋಣಿ. ನನ್ನ ಮಾನ ಉಳಿಸಿದ್ದಕ್ಕೂ ಋಣಿ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ, ಆ ತಾರಸಿಯ ಮೇಲೆ ನನ್ನನ್ನು ಸುಮ್ಮನೆ ಕ್ಷಮಿಸಿ ಕಳಿಸದೇ ಇದ್ದದ್ದಕ್ಕೆ. ನೀವು ಆಗಲೇ "ಹೋಗಲಿ ಬಿಡೋ" ಅಂದಿದ್ದರೆ, ನಾನು ನೆಮ್ಮದಿಯಾಗಿ ಮನೆಗೆ ಹೋಗಿ ಊಟ ಮಾಡುತ್ತಿದ್ದೆ, ಆ ಹುಡುಗಿಯರಿಗೆ ಕುರ್ಚಿಯೇ ಇರುತ್ತಿರಲಿಲ್ಲ. ಈಗ ಚಾನೆಲ್ಲಿಗೆ ಕೆಲಸ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ, ನಿಮ್ಮ ಹೆಸರು ಹೇಳಿ, ನನ್ನ ಹೆಸರು ಹೇಳಿ, ಆ ಹಾಗಲಕಾಯಿಯ ಕಥೆಯನ್ನು ಪೂರ್ತಿ ಹೇಳಿ. ಅವರು ನಗುತ್ತಾರೆ ವನಜಕ್ಕ. ಅವರು ನಕ್ಕಾಗಲೆಲ್ಲ ನೀವು ಅಲ್ಲಿ ಇರಬೇಕಿತ್ತು ಅನ್ನಿಸುತ್ತದೆ.